ಸೊಪ್ಪಿನ ಹೊರೆಯ ಕೆಂಪು ದೀಪ

ಕೆಂಪರಾಜು: ಸ್ವಿಚ್ ಹಾಕೋದು ಮರ್ತಿದ್ದೆ ಅಂತ ಒಂದು ಸೈನ್ ಹಾಕು, ಮುಗೀತು.

ಕಾವೇರಮ್ಮ: ಮರ್ತಿರ್ಲಿಲ್ಲ. ದೀಪ ಉರೀತಿತ್ತು.

ರಾಮನಗರದ ಕೋರ್ಟಿನೆದುರು ಅಸದುಲ್ಲಾ ಸಾಬರ ಟೈಪಿಂಗ್ ಅಂಗಡಿಯಲ್ಲಿ ಗಂಡ ಹೆಂಡತಿ ಬೆಳಿಗ್ಗೆ ಹತ್ತರಿಂದ ಈ ಎರಡು ಮಾತನ್ನೇ ಆಡುತ್ತಿದ್ದರು. ಮನೆಯಲ್ಲಿ ಎರಡು ವರ್ಷದಿಂದ ಆಡಿ ಅಭ್ಯಾಸವಿತ್ತು.

ಕೆಂಪರಾಜು ಕೈಲಾಂಚದಲ್ಲಿ ಬೈಕುಗಳ ವೈರಿಂಗ್ ರಿಪೇರಿ ಮಾಡುವವನು. ಎರಡು ಪೇಟೆಂಟ್ ಪಡೆದವನೂ ಹೌದು. ತಿರುವು ದಾಟಿದ ಮೇಲೆ ತಾನೇ ಆರುವ ಇಂಡಿಕೇಟರಿಗೆ ಒಂದು, ಸ್ಕೂಟರಿನಲ್ಲೇ ಚಾರ್ಜ್ ಆಗುವ ಟಾರ್ಚಿಗೆ ಒಂದು. ಎರಡೂ ಸರ್ಟಿಫಿಕೇಟು ಕಟ್ಟು ಹಾಕಿಸಿಕೊಂಡು ದೇವರ ಪಟದ ಪಕ್ಕ ತೂಗುತ್ತಿವೆ, ತಯಾರಿಸುತ್ತೇನೆಂದು ಒಬ್ಬ ನರಪಿಳ್ಳೆಯೂ ಬಂದಿಲ್ಲ. ಮೂರನೆಯದು ಮಾತ್ರ ಕೈಹತ್ತುವ ಹಾಗಿತ್ತು. ಮೊಪೆಡ್ಡಿಗೆ ಹಿಪ್ಪುನೇರಳೆ ಸೊಪ್ಪು ಹೇರಿದರೆ ಹಿಂದಿನ ಲೈಟು ಮುಚ್ಚಿಹೋಗುತ್ತದಲ್ಲ, ಅದಕ್ಕೆ ಹೊರೆಗೇ ಸಿಕ್ಕಿಸುವ ಕೆಂಪು ದೀಪ. ಹೊರೆ ಬಿಗಿದ ಕೂಡಲೇ ತಾನೇ ಹೊತ್ತಿಕೊಳ್ಳುತ್ತದೆ. ಪೇಟೆಂಟ್ ಬಂದರೆ ತಯಾರಿಸುತ್ತೇವೆಂದು ಬೆಂಗಳೂರಿನ ಕಂಪನಿಯೊಂದು ಒಪ್ಪಿತ್ತು. ಆದರೆ ಪೇಟೆಂಟ್ ಕಚೇರಿ ಒಂದು ಪ್ರಶ್ನೆ ಕಳಿಸಿತ್ತು: ಇಂಥ ದೀಪ ಮೊದಲೇ ಬಳಕೆಯಲ್ಲಿತ್ತೆ? ಇದ್ದರೆ ಅದರ ದೋಷವೇನು? ಉತ್ತರಕ್ಕೆ ಇವತ್ತೇ ಕಡೆಯ ದಿನ.

ದೀಪವೇನೋ ಇತ್ತು. ಮಗಳು ಪುಟ್ಟಿಯ ಆಟದ ಬಸ್ಸಿನಿಂದ ಮಿಣುಕು ದೀಪ ಕಿತ್ತು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಕಾವೇರಮ್ಮ ಸೊಪ್ಪಿನ ಹೊರೆಗೆ ಕಟ್ಟಿಕೊಂಡು ಓಡಾಡುತ್ತಿದ್ದಳು. ಹಾಗೆ ಹೋಗುತ್ತಿದ್ದಾಗಲೇ ಎರಡು ವರ್ಷದ ಹಿಂದೆ ಒಂದು ಸಂಜೆ ಹಿಂದಿನಿಂದ ಬೈಕೊಂದು ಗುದ್ದಿತು. ಬೈಕು ಕೆಂಪರಾಜುವಿನದು. ಸ್ವಿಚ್ ಹಾಕಲು ಮರೆತರೆ ಉರಿಯುವುದಿಲ್ಲ ಎಂಬುದೇ ಆ ದೀಪದ ದೋಷವೆಂದು ಈಗ ಅವಳಿಂದಲೇ ಬರೆಸಿಕೊಳ್ಳಬೇಕಿತ್ತು.

ಅಸದುಲ್ಲಾ: ಅಮ್ಮಾ, ಒಂದು ಸಲ ಮರ್ತಿದ್ದೆ ಅಂದ್ರೆ ಏನು ಹೋಗ್ತದೆ?

ಕಾವೇರಮ್ಮ: ಮಾನ ಹೋಯ್ತದೆ ಸಾಬ್ರೆ. 'ಇವ್ಳು ದೀಪ ಇಲ್ದೆ ಬಂದ್ಳು, ನಾನೇನ್ ಮಾಡ್ಲಿ' ಅಂತ ಇವ್ರು ಊರೆಲ್ಲ ಹೇಳ್ಕೊಂಡವ್ರೆ. ಡೈರಿ ತಾವ ಹಾಲು ಹಾಕಕ್ ಹೋದ್ರೆ ಹಾಡಹಗಲಲ್ಲೂ 'ಅಕ್ಕ, ದೀಪ ಹಾಕ್ಕೊಂಡ್ಯಾ' ಅಂತಾರೆ. ಅದನ್ನ ಬಾಂಡ್ ಪೇಪರ್ ಮ್ಯಾಲೆ ಬೇರೆ ಒಪ್ಕೊಬೇಕಾ?

ಕೆಂಪರಾಜು: ನಿನ್ ದೀಪದಾಗೆ ದೋಷನೇ ಇಲ್ಲ ಅಂದ್ರೆ ನನ್ ದೀಪ ಯಾಕ್ ಬೇಕು ಅಂತಾರೆ ಕಣೆ.

ಕಾವೇರಮ್ಮ: ನಾನೂ ಅದನ್ನೇ ಕೇಳ್ತಿರೋದು.

ಸಾಬರು ಟೀ ತರಿಸಿದರು. ಮೂವತ್ತು ವರ್ಷ ಕೋರ್ಟಿನೆದುರು ಕೂತವರು, ಪಾಟೀಸವಾಲು ತಾನಾಗಿ ಬಂತು.

ಅಸದುಲ್ಲಾ: ಬ್ಯಾಟ್ರಿ ಮುಗ್ದಿತ್ತೇನೋ?

ಕಾವೇರಮ್ಮ: ಬಿದ್ದ ಮ್ಯಾಲೂ ಚರಂಡಿಯಾಗೆ ಮಿಣುಕ್ತಿತ್ತು. ಆ ಬೆಳಕ್ನಾಗೇ ಇವ್ರ ಚಪ್ಪಲಿ ಹುಡುಕ್ಕೊಟ್ಟೆ.

ಕೆಂಪರಾಜು: ಗುದ್ದಿದ್ ಏಟ್ಗೆ ಹತ್ಕೊಂಡಿರ್ತದೆ.

ಕಾವೇರಮ್ಮ: ಹಂಗಾರೆ ಅದೂ ತಾನೇ ಹತ್ಕೊಳೋ ದೀಪ. ಪೇಟೆಂಟ್ ನಂಗೇ ಬರ್ಬೇಕು.

ಗಡಿಯಾರ ನಾಲ್ಕು ಹೊಡೆಯಿತು. ಇದೂ ಹೋಯಿತು, ಗೋಡೆಗೊಂದು ಮೊಳೆ ಉಳಿಯಿತು ಎಂದುಕೊಂಡು ಕೆಂಪರಾಜು ತಣ್ಣಗಾದ ಟೀ ನೋಡುತ್ತ ಕೂತ. ಕಾವೇರಮ್ಮ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ಕೇಳಿದಳು.

ಕಾವೇರಮ್ಮ: ಕೊಡಿ. ಮರ್ತಿದ್ದೆ ಅಂತ್ಲೇ ಇರ್ಲಿ. ಇವ್ರು ಹಿಂಗೆ ಕುಂತ್ರೆ ದಿನಾ ನೋಡ್ಬೇಕಾದೋಳು ನಾನೇ.

'ಕಾ' ಎಂದು ಬರೆದಿದ್ದಳು. 'ವೇ'ಗೆ ಬರುವಷ್ಟರಲ್ಲಿ ಕೆಂಪರಾಜುವಿನ ಅಂಗೈ ಕಾಗದದ ಮೇಲೆ ಬಿತ್ತು. ಅವನಿಗೆ ನಿಜಕ್ಕೂ ನಾಚಿಕೆಯಾಗಿತ್ತು.

ಕೆಂಪರಾಜು: ಬ್ಯಾಡ. ಉರೀತಿತ್ತು.

ಅಸದುಲ್ಲಾ: ನೀವು ನೋಡಿದ್ರಾ?

ಕೆಂಪರಾಜು: ಅರ್ಧ ಮೈಲಿಯಿಂದ್ಲೂ ನೋಡ್ದೆ. ಅದೆಂಗಪ್ಪಾ ಮಿಣುಕ್ತೈತೆ, ಯಾವ ಸರ್ಕ್ಯೂಟು ಹಾಕವ್ಳೆ ಅಂತ ನೋಡ್ತಾ ನೋಡ್ತಾ ಒಸಿ ಹತ್ರ ಬಂದೆ. ಗುದ್ದೇಬುಟ್ಟೆ.

ಎರಡು ವರ್ಷ ಕಾದಿದ್ದ ಮಾತು ಕೈಗೆ ಬಂದಾಗ ಎಲ್ಲಿಡಬೇಕೆಂದು ಕಾವೇರಮ್ಮನಿಗೆ ತಿಳಿಯಲಿಲ್ಲ.

ಅಸದುಲ್ಲಾ: ನಿಮ್ದು ಮಿಣುಕ್ತದಾ ರಾಜಣ್ಣ?

ಕೆಂಪರಾಜು: ಇಲ್ಲ, ನೆಟ್ಟಗೆ ಉರೀತದೆ.

ಸಾಬರು ಹೊಸ ಹಾಳೆ ಸೇರಿಸಿ ಟಕಟಕ ಟೈಪು ಮಾಡಿ, ಗಂಟಲು ಸರಿಮಾಡಿಕೊಂಡು ಓದಿದರು:

"ಮೊದಲಿದ್ದ ದೀಪದ ದೋಷ: ಸದಾ ಉರಿಯುತ್ತಿದ್ದರೂ, ಮಿಣುಕುವ ಕಾರಣ ಹಿಂದೆ ಬರುವ ಸವಾರನು ಅದನ್ನೇ ನೋಡುತ್ತ ಮೈಮರೆತು ಗುದ್ದುತ್ತಾನೆ. ಗುದ್ದಿದವನು: ಅರ್ಜಿದಾರ."

ಇಬ್ಬರೂ ಸಹಿ ಹಾಕಿದರು. ಕೆಂಪರಾಜು ಕಾಗದ ಮಡಿಸಿ ಜೇಬಿಗಿಡಲು ಹೋದಾಗ ಕಾವೇರಮ್ಮ ತಡೆದಳು.

ಕಾವೇರಮ್ಮ: ಸಾಬ್ರೆ, ಎಲ್ಡು ಜೆರಾಕ್ಸ್ ತೆಗೀರಿ. ಒಂದು ಮನೆಗೆ, ಒಂದು ಡೈರಿ ಗೋಡೆಗೆ.