ಹೆಸರಿಗೆ ಮಟನ್

ರಾಯದುರ್ಗದ ಮಟನ್ ಅಂಗಡಿಗಳೆಲ್ಲ ಬಾಗಿಲು ಹಾಕಿಕೊಂಡಿದ್ದನ್ನು ಕಂಡು ಬೊಮ್ಮಣ್ಣನ ಪಿತ್ತ ನೆತ್ತಿಗೇರಿತು. ಇವತ್ತು ಗಾಂಧಿ ಜಯಂತಿ ಅನ್ನುವುದೇ ಅವನಿಗೆ ನೆನಪಿರಲಿಲ್ಲ. ಪೀಸಿನ ಲೆಕ್ಕದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವವನಿಗೆ ಯಾವ ಜಯಂತಿ, ಯಾವ ಭಾನುವಾರ!

"ವರ್ಷಪೂರ್ತಿ ಕಡಿಯೋರು ಇವತ್ತಾ ಕೈ ತೊಳ್ಕೊಂಡು ಕುಂತಾರ!" ಎಂದು ಮುಚ್ಚಿದ ಶಟರಿಗೇ ಬೈದ.

ಬೈಯದೆ ಏನು ಮಾಡಿಯಾನು? ಅಮರಾಪುರದಿಂದ ಬೀಗರು ದೊಡ್ಡರಂಗಪ್ಪ ಬರುವ ದಿನ ಇದೇ. ಮಗಳು ವಾಣಿಶ್ರೀಯ ಮದುವೆಯ ಬೀಗರೂಟದಲ್ಲಿ ಕೊನೆಯ ಪಂಕ್ತಿಗೆ ಬರೀ ಸಾರು ಬಂತು, ತುಂಡು ಬರಲಿಲ್ಲ. ಆ ಪಂಕ್ತಿಯಲ್ಲಿ ಬೀಗರ ಅಣ್ಣತಮ್ಮಂದಿರೇ ಕೂತಿದ್ದರು. ದೊಡ್ಡರಂಗಪ್ಪ ಮುನಿಸಿಕೊಂಡು ಹೋದವರು, ಯುಗಾದಿಗೆ ತವರಿಗೆ ಬಂದ ಸೊಸೆಯನ್ನು ಕರೆದೊಯ್ಯಲು ಬರಲೇ ಇಲ್ಲ. ನಾಲ್ಕು ಜನ ಹೇಳಿ ಒಪ್ಪಿಸಿದ ಮೇಲೆ, "ಒಂದ್ಸಲ ಸರಿಯಾಗಿ ಬಾಡೂಟ ಹಾಕ್ಲಿ, ಕರ್ಕೊಂಡು ಹೋಗ್ತೀನಿ" ಎಂದಿದ್ದರು. ವಾಣಿಶ್ರೀ ನಸುಕಿಗೇ ಎದ್ದು ಬ್ಯಾಗು ತುಂಬಿ ಬಾಗಿಲಲ್ಲಿ ಇಟ್ಟುಕೊಂಡಿದ್ದಳು.

ಕಾಲೆಳೆದುಕೊಂಡು ಬರುತ್ತಿದ್ದ ಬೊಮ್ಮಣ್ಣನಿಗೆ ಅವನು ಹೊಲಿಯುವ ಶೆಡ್ಡಿನ ಎದುರು ದೊಡ್ಡಕ್ಕನ ಮೆಸ್ಸಿಗೆ ಹೊಸದಾಗಿ ತೂಗುಹಾಕಿದ್ದ ಬೋರ್ಡು ಕಾಣಿಸಿತು. ದಪ್ಪ ಅಕ್ಷರದಲ್ಲಿ 'ಮಟನ್ ಫ್ರೈ'. ದೇವರೇ ಬರೆಸಿದ್ದಾನೆ ಅನ್ನಿಸಿತು. ಒಂದು ಮಾತೂ ಕೇಳದೆ ಕ್ಯಾರಿಯರ್ ತುಂಬಿಸಿಕೊಂಡು ಮನೆಗೆ ಓಡಿದ.

ಹೆಂಡತಿ ಉಜ್ಜಿನಮ್ಮ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಅಗಿದಳು. ಮತ್ತೆ ಅಗಿದಳು.

"ಎಲುಬಿಲ್ಲ, ಕೊಬ್ಬಿಲ್ಲ. ಪಾತ್ರಿ ತಿಕ್ಕೋ ಸ್ಪಂಜು ಅಗದಂಗ ಆಗಾಕತ್ತೈತಿ. ಇದು ಸೋಯಾ ಐತಿ ನೋಡ್ರಿ!"

ಬೊಮ್ಮಣ್ಣ ಕ್ಯಾರಿಯರ್ ಸಮೇತ ವಾಪಸು ಹಾರಿದ.

"ಏನ್ ದೊಡ್ಡಕ್ಕ, ಸೋಯಾಕ್ಕ ಮಟನ್ ಅಂತ ಹೆಸರಿಡಾಕ ನಾಚ್ಕಿ ಬರಂಗಿಲ್ಲೇನು?"

"ಕಣ್ಣು ಬಿಟ್ಟು ನೋಡಪ್ಪ. ಮ್ಯಾಲ ಸಣ್ಣದಾಗಿ 'ವೆಜ್' ಅಂತ ಬರದೈತಿ."

"ಅಷ್ಟು ಸಣ್ಣದಾಗಿ ಬರದ್ರ ಯಾರು ಓದ್ಬೇಕು, ಇರುವಿಗಳಾ?"

ಬೋರ್ಡು ಬರೆದವಳು ದೊಡ್ಡಕ್ಕನ ಮಗಳು ಮೌನಿಕಾ. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ದುಡಿದು ಬಂದವಳು, ಬಾಯಿ ಜೋರು.

"ಹಾಸ್ಟೆಲ್‌ನ್ಯಾಗ ನಾವೆಲ್ಲ ಹಿಂಗಾ ಕರೀತಿದ್ವಿ, ಮಾವ. ಮಟನ್ ಮಸಾಲಿನಾ ಹಾಕೀವಿ. ಸೋಯಾ ಪಲ್ಯ ಅಂದ್ರ ಒಬ್ರೂ ಮುಟ್ಟಂಗಿಲ್ಲ. ವೆಜ್ ಮಟನ್ ಅಂದ್ರ ಪಾತ್ರಿ ಖಾಲಿ."

"ಮಸಾಲಿ ಹಾಕಿದ್ರ ಮಟನ್ ಆಗ್ತೈತೇನು? ಖಾಕಿ ಪ್ಯಾಂಟ್ ಹಾಕ್ಕೊಂಡ್ರ ನಾನು ಎಸ್ಐ ಆಗ್ತೀನೇನು?"

ಶೆಡ್ಡಿನಲ್ಲಿ ಮಷಿನ್ನುಗಳು ಒಂದೊಂದಾಗಿ ನಿಂತವು. ಪುಕ್ಕಟೆ ಜಗಳವನ್ನು ಯಾರು ಬಿಡುತ್ತಾರೆ? ಕಟಿಂಗ್ ಮಾಸ್ಟರ್ ಭೀಮೇಶ್ ಕತ್ತರಿ ಹಿಡಿದೇ ಬಂದು, "ಬಿಡಬ್ಯಾಡ ಬೊಮ್ಮಣ್ಣ, ಇವತ್ತು ತೀರ್ಮಾನ ಆಗ್ಲಿ" ಎಂದು ಬೆಂಕಿಗೆ ತುಪ್ಪ ಸುರಿದ.

"ಒಳಗ ಒಂದು ಮಾಲು, ಮ್ಯಾಲ ಇನ್ನೊಂದು ಹೆಸರು! ಇದಕ್ಕಿಂತ ದೊಡ್ಡ ಮೋಸ ಭೂಮಿ ಮ್ಯಾಲ ಇಲ್ಲ!" ಎಂದು ಬೊಮ್ಮಣ್ಣ ಕಿರುಚಿದ. ಶೆಡ್ಡಿನವರು ಯಾಕೋ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ಮಾತ್ರ ಯಾರನ್ನೂ ನೋಡದೆ ಬೋರ್ಡನ್ನು ಮೊಳೆಯಿಂದ ಕಿತ್ತೇಬಿಟ್ಟ.

"ಭೇಷ್ ಬೀಗ್ರೆ!"

ತಿರುಗಿದರೆ ದೊಡ್ಡರಂಗಪ್ಪ. ಮದುವೆಯಲ್ಲಿ ಬೊಮ್ಮಣ್ಣ ಉಡುಗೊರೆ ಕೊಟ್ಟ ಫಾರಿನ್ ಕಂಪನಿಯ ಜೀನ್ಸು, ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು. ಬಸ್ಸಿಳಿದು ಬಂದವರು ಜಗಳವನ್ನೆಲ್ಲ ಕೇಳಿಸಿಕೊಂಡಿದ್ದರು.

"ಬಾಡು ಸಿಗ್ಲಿಲ್ಲ ಅಂದ್ರೆ ಹೋಗ್ಲಿ ಬಿಡ್ರಿ. ಸುಳ್ಳು ಹೆಸ್ರು ಹೇಳಿ ನನ್ ಎಲೆಗೆ ಹಾಕ್ಲಿಲ್ವಲ್ಲ, ಅಷ್ಟೇ ಮರ್ಯಾದೆ ಸಾಕು. ಎಲ್ಲವ್ಳೆ ನನ್ ಸೊಸೆ? ಹೊರಡಕ್ಕೇಳಿ."

ಗದ್ದಲ ಕೇಳಿ ಓಡಿ ಬಂದಿದ್ದ ವಾಣಿಶ್ರೀ ಬ್ಯಾಗು ತರಲು ಮನೆಗೆ ಓಡಿದಳು.

ದೊಡ್ಡರಂಗಪ್ಪ ಬೆಂಚಿನ ಮೇಲೆ ಆರಾಮಾಗಿ ಕೂತರು. ಪರ್ ಅಂತ ಸದ್ದಾಯಿತು. ಜೇಬಿನ ಮೂಲೆ ಮುಟ್ಟಿ ನೋಡಿಕೊಂಡು ನಕ್ಕರು.

"ನೋಡಿದ್ರಾ? ಹೆಸ್ರಿಗೆ ಅಷ್ಟು ದೊಡ್ಡ ಕಂಪ್ನಿ, ಜೇಬು ಬಾಯಿ ಬಿಟ್ಟೈತೆ. ಯಾವನೋ ಕಣ್ಣು ಕಾಣ್ದೋನು ಹೊಲ್ದವ್ನೆ ಕಣ್ರಿ."

ಬೊಮ್ಮಣ್ಣ ಹೂಂ ಅಂದು ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಬೆಳಗಿನಿಂದ ಕುದಿಯುತ್ತಿದ್ದ ತಲೆ ಇನ್ನೂ ಆರಿರಲಿಲ್ಲ.

"ಯಾರ್ರಿ ಕಣ್ಣು ಕಾಣ್ದೋನು? ಡಬಲ್ ಹೊಲಿಗಿ ಹಾಕಿ ನಾನಾ ಹೊಲ್ದೀನಿ, ಇದಾ ಶೆಡ್ಡಿನ್ಯಾಗ! ನನ್ನ ಹೊಲಿಗಿಗೆ ಇಲ್ಲೀತನ ಯಾರೂ ಹೆಸರಿಟ್ಟಿಲ್ಲ!"

ದೊಡ್ಡರಂಗಪ್ಪನವರ ಕೈ ನಿಧಾನವಾಗಿ ಸೊಂಟದ ಹಿಂದಕ್ಕೆ ಹೋಗಿ ಆ ಕಂಪನಿಯ ಚರ್ಮದ ಲೇಬಲ್ಲನ್ನು ಸವರಿತು. ಕತ್ತೆತ್ತಿ ಶೆಡ್ಡಿನೊಳಗೆ ನೋಡಿದರು. ಬೊಮ್ಮಣ್ಣನ ಮಷಿನ್ನಿನ ಪಕ್ಕ ಅದೇ ಲೇಬಲ್ಲುಗಳ ರಾಶಿ ಬಿದ್ದಿತ್ತು.

ಅವರು ಬೈಯಲಿಲ್ಲ. ಎದ್ದು ಬಂದು ಬೊಮ್ಮಣ್ಣನ ಕೈಯಿಂದ ಬೋರ್ಡು ಇಸಿದುಕೊಂಡು ತಾವೇ ಮೊಳೆಗೆ ಸಿಕ್ಕಿಸಿದರು.

"ಒಂದು ಪ್ಲೇಟ್ ಹಾಕು ತಾಯಿ. ನೀನು ಸಣ್ಣದಾಗಾದ್ರೂ ಬರ್ದಿದೀಯ."

ದೊಡ್ಡಕ್ಕ ಬಡಿಸಿದಳು. ಬ್ಯಾಗು ಹಿಡಿದು ಬಂದ ವಾಣಿಶ್ರೀ ಮಾವನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು, ಬಂದ ದಾರಿಯಲ್ಲೇ ತಿರುಗಿ ನಡೆದಳು. ಬೊಮ್ಮಣ್ಣ, "ಬೀಗ್ರೇ, ಒಂದು ಮಾತು..." ಎಂದು ಬಾಯಿ ತೆರೆದ.

ದೊಡ್ಡರಂಗಪ್ಪ ಅವನತ್ತ ನೋಡಲೇ ಇಲ್ಲ. ಖಾಲಿ ಪ್ಲೇಟನ್ನು ದೊಡ್ಡಕ್ಕನ ಕಡೆ ಚಾಚಿದರು.

"ಇನ್ನೆರಡು ಮಟನ್ ತುಂಡು ಹಾಕು ತಾಯಿ. ನಿನ್ ಪಂಕ್ತೀಲಿ ಕಡಿಮೆ ಬೀಳ್ಲಿಲ್ಲ."