ಅಧ್ಯಕ್ಷನಾಗುವ ಮೊದಲು ಎರಡು ಸಲ ಬೇಡ

ನನಗೆ ಅಧ್ಯಕ್ಷನಾಗುವ ಆಸೆ ಇತ್ತು. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ, ಏಕೆಂದರೆ ನಮ್ಮ ಮುಳಬಾಗಿಲಿನಲ್ಲಿ ಯಾವುದಕ್ಕೂ ಅಧ್ಯಕ್ಷರಲ್ಲದವರು ಸಿಗುವುದೇ ಕಷ್ಟ. ನನ್ನ ಅಂಗಿ ಹೊಲಿಯುವವರು ದರ್ಜಿಗಳ ಸಂಘದ ಅಧ್ಯಕ್ಷರು. ಪಕ್ಕದ ಮನೆಯವರು ಬೀದಿಯ ಗಣೇಶ ಸಮಿತಿಯ ಅಧ್ಯಕ್ಷರು. ಎದುರು ಮನೆಯವರು ಅದೇ ಸಮಿತಿಯಿಂದ ಸಿಡಿದು ಹೋದ ಇನ್ನೊಂದು ಸಮಿತಿಯ ಅಧ್ಯಕ್ಷರು. ಇವರ ಮೇಲೆಲ್ಲ ನನಗೆ ಹೊಟ್ಟೆಕಿಚ್ಚಿಲ್ಲ. ಹೊಟ್ಟೆಕಿಚ್ಚು ಇರುವುದು ನನ್ನ ಹೆಂಡತಿ ಸುಮಿತ್ರಳ ತಮ್ಮ ಮಂಜುನಾಥನ ಮೇಲೆ ಮಾತ್ರ. ಕೋಲಾರದಲ್ಲಿರುವ ಅವನು ಟೊಮೆಟೊ ಸಾಗಿಸುವ ಲಾರಿ ಮಾಲೀಕರ ಸಂಘವೊಂದಕ್ಕೆ ಅಧ್ಯಕ್ಷ. ಯಾರ ಆರತಕ್ಷತೆಗೆ ಹೋದರೂ ಮೈಕು ಹಿಡಿದವನು, "ಅಧ್ಯಕ್ಷರಾದ ಶ್ರೀಯುತ ಮಂಜುನಾಥ್ ಅವರು ವೇದಿಕೆಗೆ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ ವಿನಂತಿ" ಎನ್ನುತ್ತಾನೆ. ಮಂಜುನಾಥ ಅಂಗಿಯ ತೋಳು ಸರಿಮಾಡಿಕೊಂಡು ಏಳುತ್ತಾನೆ. ಏಳುವಾಗ ಕಾರಿನ ಕೀಲಿಯನ್ನೂ ಫೋನನ್ನೂ "ಒಂಚೂರು ಹಿಡ್ಕೊಳ್ಳಿ ಭಾವ" ಎಂದು ನನ್ನ ಕೈಗಿಡುತ್ತಾನೆ. ನಾನು ಎಂ.ಎ. ಮಾಡಿದವನು. ಹಿಡಿದುಕೊಂಡು ಕೂತಿರುತ್ತೇನೆ.

ನನ್ನ ಕೆಲಸದ ವಿಷಯ ಹೇಳಬೇಕು. ಕಾಲೇಜೊಂದರಲ್ಲಿ ಬೆಳಗ್ಗೆ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಮಧ್ಯಾಹ್ನದ ಮೇಲೆ ಮೆಟ್ಟಿಲಿನ ಕೆಳಗಿರುವ ಕೋಣೆಯಲ್ಲಿ ವಿದ್ಯಾರ್ಥಿಗಳ ಸಲಹೆಗಾರನಾಗಿ ಕೂರುತ್ತೇನೆ. ಯಾವ ವಿಷಯ ತೆಗೆದುಕೊಳ್ಳಬೇಕು, ಮುಂದೆ ಏನು ಓದಬೇಕು, ಯಾವ ಪರೀಕ್ಷೆ ಕಟ್ಟಬೇಕು ಎಂದು ಕೇಳಿಕೊಂಡು ಮಕ್ಕಳು ಬರುತ್ತಾರೆ. ನಾನು ಅವರ ಅಂಕ, ಆಸಕ್ತಿ, ಮನೆಯ ಪರಿಸ್ಥಿತಿ ಎಲ್ಲವನ್ನೂ ವಿಚಾರಿಸಿ, ಕಣ್ಣು ಮುಚ್ಚಿ ಯೋಚಿಸಿ, ಸಲಹೆ ಕೊಡುತ್ತೇನೆ. ಅವರು ಭಕ್ತಿಯಿಂದ ತಲೆಯಾಡಿಸಿ ಹೊರಗೆ ಹೋಗಿ, ಗೆಳೆಯ ಯಾವುದಕ್ಕೆ ಸೇರಿದ್ದಾನೋ ಅದಕ್ಕೆ ಸೇರುತ್ತಾರೆ. ಒಮ್ಮೆ ನಂಗಲಿಯಿಂದ ಒಬ್ಬ ತಂದೆ ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿ ಲೆಕ್ಕದಲ್ಲಿ ಬಲು ಚುರುಕು. ಬಿ.ಎಸ್ಸಿ. ಮಾಡಿಸಿ ಎಂದೆ. "ಮೀರು ಚೆಪ್ಪಿನಟ್ಟೇ ಸಾರ್, ನೀವು ಹೇಳಿದಂಗೇ ಆಗ್ಲಿ" ಎಂದು ಎರಡು ಭಾಷೆಯಲ್ಲಿ ಒಪ್ಪಿಕೊಂಡು ಕೈಮುಗಿದು ಹೋದರು. ಹುಡುಗಿ ಬಿ.ಎ.ಗೆ ಸೇರಿದಳು. ಬಿ.ಎ.ಯ ತರಗತಿಗಳು ಅವರೂರಿನ ಬಸ್ಸಿನ ಹೊತ್ತಿಗೆ ಸರಿಯಾಗಿ ಮುಗಿಯುತ್ತವಂತೆ. ನನ್ನ ಸಲಹೆ ಮೊದಲಿನಿಂದಲೂ ಬಸ್ಸಿನೆದುರು ಸೋಲುತ್ತಲೇ ಬಂದಿದೆ.

ನಮ್ಮಂಥ ಸಲಹೆಗಾರರದ್ದೂ ಒಂದು ಜಿಲ್ಲಾ ಸಂಘವಿದೆ. ಬಹಳ ಕಾಲದಿಂದ ಅಧ್ಯಕ್ಷರಾಗಿದ್ದ ನಾರಾಯಣಪ್ಪನವರು ನಿವೃತ್ತರಾಗುವ ವರ್ಷ ಬಂತು. ಕುರ್ಚಿ ಖಾಲಿಯಾಗುತ್ತದೆ ಎಂದು ತಿಳಿದ ದಿನದಿಂದ ನನಗೆ ಅನ್ನ ರುಚಿಸಲಿಲ್ಲ. ಸುಮಿತ್ರ, "ನಂಗೆ ಬೇಕು ಅಂತ ಬಾಯ್ಬಿಟ್ಟು ಕೇಳ್ರೀ. ಬಾಯಿಲ್ವಾ?" ಎಂದಳು. ನಾನು ತಾಳ್ಮೆಯಿಂದ ವಿವರಿಸಿದೆ. ಪದವಿಯನ್ನು ಕೇಳಿ ಪಡೆಯಬಾರದು. ಅದಕ್ಕೊಂದು ಕ್ರಮವಿದೆ. ಬೇರೆಯವರು ನಮ್ಮ ಹೆಸರು ಹೇಳಬೇಕು. ನಾವು ಗಾಬರಿಯಾದವರಂತೆ "ಬೇಡ ಬೇಡ" ಎನ್ನಬೇಕು. ಅವರು ಬಿಡಬಾರದು. ನಾವು "ನನಗಿಂತ ಯೋಗ್ಯರಿದ್ದಾರೆ" ಎನ್ನಬೇಕು. ಅವರು ಮೂರನೇ ಸಲ ಒತ್ತಾಯ ಮಾಡಿದಾಗ, ನಿಮ್ಮ ಪ್ರೀತಿಗೆ ಕಟ್ಟುಬಿದ್ದು ಎಂದು ನಿಟ್ಟುಸಿರು ಬಿಟ್ಟು ಒಪ್ಪಿಕೊಳ್ಳಬೇಕು. ನಾರಾಯಣಪ್ಪನವರು ಹೀಗೇ ಆದದ್ದು. ಎಲೆಯ ಮುಂದೆ ಕೂತು ಒಬ್ಬಟ್ಟು ಹಾಕಿಸಿಕೊಳ್ಳುವುದೂ ಹೀಗೇ. ಸುಮಿತ್ರ ಎಲ್ಲವನ್ನೂ ಕೇಳಿ, "ಬಡಿಸೋರು ಮುಂದಿನ ಎಲೆಗೆ ಹೋಗ್ಬಿಟ್ರೆ?" ಎಂದಳು. ಹೆಂಗಸರಿಗೆ ಸಂಘಟನೆಯ ಅನುಭವ ಕಡಿಮೆ ಎಂದುಕೊಂಡೆ.

ಹೆಸರು ಹೇಳಲು ಒಬ್ಬರು ಬೇಕಲ್ಲ. ಶ್ರೀನಿವಾಸಪುರದ ಸಲಹೆಗಾರ ಷಫಿ ಸಾಹೇಬರು ನನ್ನ ಹಳೆಯ ಸ್ನೇಹಿತರು. ಅವರ ಮನೆಗೆ ಹೋಗಿ ಚಹಾ ಕುಡಿಯುತ್ತ, ಮುಂದಿನ ಅಧ್ಯಕ್ಷರು ಅನುಭವಸ್ಥರಾಗಿದ್ದರೆ ಸಂಘಕ್ಕೆ ಒಳ್ಳೆಯದು ಎಂದು ಗೋಡೆಯ ಕ್ಯಾಲೆಂಡರಿಗೆ ಹೇಳುವವನಂತೆ ಹೇಳಿದೆ. "ಅರೇ, ನೀವಿರೋವಾಗ ಬೇರೆ ಯಾರು ಸಾರ್? ನಾನೇ ನಿಮ್ಮ ಹೆಸರು ಹೇಳ್ತೀನಿ" ಎಂದರು. ನಾನು ನೆಲ ನೋಡಿದೆ. ಮೂರು ಸಲ ಹೇಳಿ ಎಂದು ತಿಳಿಸುವುದು ನನ್ನ ಘನತೆಗೆ ತಕ್ಕದ್ದಾಗಿರಲಿಲ್ಲ.

ಸಭೆ ಕೋಲಾರದಲ್ಲಿ. ನನ್ನ ಯೋಗ್ಯತೆ ಎಲ್ಲರಿಗೂ ಕಾಣಲೆಂದು ಬೆಳಗಿನ ಉಪನ್ಯಾಸವನ್ನು ನಾನೇ ವಹಿಸಿಕೊಂಡಿದ್ದೆ. ವಿದ್ಯಾರ್ಥಿಯ ಮಾತಿಗೆ ಬೆಲೆ ಕೊಡುವುದು ಹೇಗೆ ಎಂಬುದು ವಿಷಯ. ಮಗು ಒಂದು ಸಲ ಬೇಡ ಎಂದರೆ ಅದು ಬೇಡವೇ. ಎರಡನೇ ಸಲ ಕೇಳುವುದು ಸಲಹೆಯಲ್ಲ, ಒತ್ತಾಯ. ಆ 'ಬೇಡ'ವನ್ನು ಗೌರವಿಸಬಲ್ಲವನೇ ನಿಜವಾದ ಸಲಹೆಗಾರ ಎಂದು ಮೇಜು ಕುಟ್ಟಿ ಹೇಳಿದೆ. ಜೋರು ಚಪ್ಪಾಳೆ ಬಿತ್ತು. ಊಟದ ಬಿಡುವಿನಲ್ಲಿ, ಆ ವರ್ಷವಷ್ಟೇ ಸಲಹೆಗಾರ್ತಿಯಾಗಿದ್ದ ಮಾಲೂರಿನ ಕಾವ್ಯ ಎಂಬ ಹುಡುಗಿ ತಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು. "ಸಾರ್, ನಂಗೆ ಏನಾದ್ರೂ ಜವಾಬ್ದಾರಿ ಕೊಟ್ರೆ ತುಂಬ ಭಯ ಆಗುತ್ತೆ. ಆಗಲ್ಲ ಅಂದ್ಬಿಡ್ತೀನಿ. ಏನ್ ಮಾಡ್ಲಿ?" ಎಂದು ಕೇಳಿದಳು. ಯಾರಾದರೂ ಸಲಹೆ ಕೇಳಿದರೆ ನಾನು ಮೈಮರೆಯುತ್ತೇನೆ. "ನೋಡಮ್ಮ, ಅವಕಾಶ ಬಂದಾಗ ಯೋಚನೆ ಮಾಡ್ಬೇಡ. ಆಗಲಿ ಅಂತ ತಕ್ಷಣ ಎದ್ದು ನಿಂತ್ಬಿಡು. ಭಯ ಆಮೇಲೆ ಪಟ್ಕೋಬಹುದು" ಎಂದೆ. ಅವಳ ಮುಖ ಅರಳಿತು. ನನಗೂ ಸಂತೋಷವಾಗಿ ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.

ಮಧ್ಯಾಹ್ನ ಸಭೆ ಮತ್ತೆ ಸೇರಿತು. ಷಫಿ ಸಾಹೇಬರು ಮಾತಿಗೆ ತಪ್ಪದೆ ಎದ್ದು ನನ್ನ ಹೆಸರು ಹೇಳಿದರು. ಸಭೆಯೆಲ್ಲ "ಸರಿ, ಸರಿ" ಎಂದಿತು. ನಾನು ಎರಡೂ ಕೈ ಮೇಲೆತ್ತಿ, "ಅಯ್ಯೋ, ಬೇಡ ಬೇಡ" ಎಂದೆ.

ನಾನು ಎರಡನೇ ಒತ್ತಾಯಕ್ಕೆ ಕಾದೆ. ನಾರಾಯಣಪ್ಪನವರು ಕನ್ನಡಕ ತೆಗೆದು ಒರೆಸುತ್ತ, "ಬೆಳಗ್ಗೆ ಅವರೇ ಎಷ್ಟು ಚೆನ್ನಾಗಿ ಹೇಳಿದ್ರು. ಒಂದು ಸಲ ಬೇಡ ಅಂದ್ರೆ ಬೇಡ. ಎರಡನೇ ಸಲ ಕೇಳಿದ್ರೆ ಒತ್ತಾಯ. ಊಟ ಮಾಡಿ ಬರೋಷ್ಟರಲ್ಲಿ ನಾವು ಮರೆತುಬಿಟ್ರೆ ಹೆಂಗೆ?" ಎಂದರು. ನಾನು ಷಫಿ ಸಾಹೇಬರ ಕಡೆ ದೈನ್ಯದಿಂದ ನೋಡಿದೆ. ಅವರು ಎದೆಯ ಮೇಲೆ ಕೈಯಿಟ್ಟು, "ಮಾಫ್ ಮಾಡಿ ಸಾರ್, ಆವತ್ತು ನೀವು ಹೂಂ ಅನ್ನದಿದ್ರೂ ಹೆಸರು ಹೇಳಿ ಮುಜುಗರ ಮಾಡ್ಬಿಟ್ಟೆ" ಎಂದು ಕೂತುಬಿಟ್ಟರು. ಆಗಲಾದರೂ ನಾನು ಬಾಯಿಬಿಟ್ಟು ಹೇಳಬಹುದಿತ್ತು. ಹೇಳಬೇಕೆಂದೇ ಎದ್ದೆ. ಆದರೆ ಮನೆಯ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಎರಡನೇ ಮಾತು ತಾನಾಗಿಯೇ ಹೊರಗೆ ಬಂತು. "ಹಾಗಲ್ಲ, ನನಗಿಂತ ಯೋಗ್ಯರಿದ್ದಾರೆ. ಹೊಸಬರು ಮುಂದೆ ಬರಬೇಕು" ಎಂದೆ. ನಾರಾಯಣಪ್ಪನವರ ಕಣ್ಣು ತುಂಬಿ ಬಂತು. ಅವರು ಸುತ್ತಲೂ ನೋಡಿ, "ಏನಮ್ಮ ಕಾವ್ಯ, ನೀವು ಆಗ್ತೀರಾ?" ಎಂದರು.

ಕಾವ್ಯ ಒಂದು ಸಲ ನನ್ನ ಕಡೆ ನೋಡಿದಳು. ತಕ್ಷಣ ಎದ್ದು ನಿಂತು, "ಆಗಲಿ ಸಾರ್" ಎಂದಳು.

ಅವಳಿಗೆ ಶಾಲು ಹೊದಿಸುವ ಗೌರವ ನನಗೇ ಸಿಕ್ಕಿತು. ಹೊದಿಸುವಾಗ ನನಗೆ ಅಳು ಬರುವಂತಾಯಿತು. ನೋಡಿದವರು ಆನಂದಬಾಷ್ಪ ಎಂದುಕೊಂಡರು. ಇಷ್ಟು ವರ್ಷ ಸಲಹೆ ಕೊಟ್ಟೂ ಕೊಟ್ಟೂ ಒಬ್ಬರೂ ನನ್ನ ಮಾತು ಕೇಳಿರಲಿಲ್ಲ. ಆವತ್ತು ಇಡೀ ಸಭೆ ಒಟ್ಟಿಗೆ ಕೇಳಿಬಿಟ್ಟಿತು.

ಮನೆಗೆ ಬಂದರೆ ಸುಮಿತ್ರ ಪಾಯಸ ಮಾಡಿಟ್ಟಿದ್ದಳು. ನನ್ನ ಮುಖ ನೋಡಿ ಸೌಟು ಕೈಗೆತ್ತಿಕೊಂಡಳು. ನಾನು "ಬೇಡ" ಎಂದೆ. ಅವಳು ಬಟ್ಟಲು ತುಂಬ ಬಡಿಸಿ ಮುಂದಿಟ್ಟಳು. ನನ್ನ 'ಬೇಡ'ದ ಅರ್ಥ ಬಲ್ಲವಳು ಅವಳೊಬ್ಬಳೇ. ಅವಳಿಗೆ ನಮ್ಮ ಸಂಘದಲ್ಲಿ ಸದಸ್ಯತ್ವವಿಲ್ಲ.

ಮೊನ್ನೆ ಕೋಲಾರದಲ್ಲಿ ಇನ್ನೊಂದು ಆರತಕ್ಷತೆ. ಸುಮಿತ್ರ ತಮ್ಮನ ಕಿವಿಯಲ್ಲಿ ಏನು ಹೇಳಿದ್ದಳೋ, ಮಂಜುನಾಥ ವೇದಿಕೆಯಿಂದಲೇ ಮೈಕಿನವನನ್ನು ನನ್ನ ಹತ್ತಿರ ಕಳಿಸಿದ. ಮೈಕಿನವನು ಬಂದು ನೋಡಿ ಹಿಗ್ಗಿಹೋದ. "ಸಾರ್, ನಾನು ನಿಮ್ಮ ಸ್ಟೂಡೆಂಟು! ಬ್ಯಾಂಕ್ ಪರೀಕ್ಷೆ ಬರಿ ಅಂತ ಹೇಳಿದ್ರಲ್ಲ, ಅವನೇ. ನಿಮ್ಮನ್ನೂ ಸ್ಟೇಜಿಗೆ ಕರೀತೀನಿ ಸಾರ್" ಎಂದ. ಸುಮಿತ್ರ ನನ್ನ ತೊಡೆ ಚಿವುಟಿದಳು. ನಾನು ಎಲ್ಲವನ್ನೂ ನೆನೆಸಿಕೊಂಡು, ಗಟ್ಟಿ ಮನಸ್ಸು ಮಾಡಿ, ಬಾಯಿ ತೆರೆದೆ.

"ಅಯ್ಯೋ ಬೇಡ ಬೇಡ, ನನ್ನನ್ನೆಲ್ಲ ಯಾಕಪ್ಪ" ಎಂದೆ.

"ಸರಿ ಸಾರ್" ಎಂದು ವಿನಯದಿಂದ ಹೇಳಿ ಅವನು ಹೊರಟುಹೋದ. ಜೀವನದಲ್ಲಿ ಅವನು ನನ್ನ ಮಾತು ಕೇಳಿದ್ದು ಅದೇ ಮೊದಲು.

ಸುಮಿತ್ರ ನನ್ನ ಕೈಯಲ್ಲಿದ್ದ ಮಂಜುನಾಥನ ಕಾರಿನ ಕೀಲಿಯನ್ನೂ ಫೋನನ್ನೂ ನೋಡಿ, "ರೀ, ಇದನ್ನಾದ್ರೂ ಯಾವತ್ತಾದ್ರೂ ಬೇಡ ಅಂದಿದ್ದೀರಾ?" ಎಂದು ಕೇಳಿದಳು.