ಮಹಡಿ ಬಸ್ಸು ತೋರಿಸಲು ಹೋದ ಮೇಷ್ಟ್ರು

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಅಂತ ಸುತ್ತಿ ಸುತ್ತಿ ಮೂವತ್ತೈದು ವರ್ಷ ಮೇಷ್ಟ್ರ ಕೆಲಸ ಮಾಡಿದವನು ನಾನು. ನಾನು ಹೋದ ಊರಿನಲ್ಲೆಲ್ಲ ಏನಾದರೊಂದು ಮಾಯವಾಗುತ್ತಲೇ ಇತ್ತು. ಒಂದು ಕಡೆ ಜಟಕಾ ಗಾಡಿ, ಇನ್ನೊಂದು ಕಡೆ ಸಿನಿಮಾ ಬೋರ್ಡು ಬರೆಯುವವರು. ನನ್ನ ಕಾಲ್ಗುಣ ಅಂತ ಮನೆಯವಳು ರೇಗಿಸುತ್ತಾಳೆ. ಆದರೆ ಒಂದು ಮಾತು ನಿಜ. ಹೋದದ್ದು ಯಾವುದೂ ನಮ್ಮನ್ನು ನಗಿಸದೆ ಹೋಗಲಿಲ್ಲ.

ಐದಾರು ಕುದುರೆ

ಹೊಳೆನರಸೀಪುರದ ರೈಲ್ವೆ ಸ್ಟೇಷನ್ನಿನ ಮುಂದೆ ಕೊನೆಯವರೆಗೂ ಜಟಕಾ ಓಡಿಸಿದ್ದು ಒಬ್ಬ ಅಜ್ಜ. ಕುದುರೆಗೆ ವಯಸ್ಸಾಗಿ, ಎದುರಿಗೆ ಆಟೋಗಳು ಸಾಲು ನಿಂತ ಮೇಲೆ ಅಜ್ಜನೂ ಒಂದು ಹಳೇ ಆಟೋ ಕೊಂಡ. ಮೈಸೂರಿನಿಂದ ಬಂದಿದ್ದ ನಮ್ಮ ಭಾವನವರನ್ನು ಕರೆದುಕೊಂಡು ನಾನು ಅದೇ ಆಟೋ ಹತ್ತಿದೆ. ಭಾವ ಬ್ಯಾಂಕಿನವರು, ಆಳು ದಪ್ಪ.

ದಾರಿಯಲ್ಲಿ ಏರು ಬಂತು. ಅಜ್ಜ ತಿರುಗದೆಯೇ, "ವಸಿ ಮುಂದಕ್ಕೆ ಬನ್ನಿ ಸಾ" ಅಂದ. ಸೀಟಿನ ಅಂಚಿಗೆ ಬಂದೆವು.

"ಇನ್ನೊಸಿ ಮುಂದಕ್ಕೆ."

ಭಾವ ಅಜ್ಜನ ಹೆಗಲು ಹಿಡಿದುಕೊಂಡು ಅರ್ಧ ನಿಂತೇ ಬಂದರು. ಏರು ಮುಗಿದು ಇಳಿಜಾರು ಬಂತು. "ಈಗ ಹಿಂದಕ್ಕೆ ವಾಲ್ಕಳಿ ಸಾ."

ಭಾವನಿಗೆ ಸಿಟ್ಟು ಬಂತು. "ಏನಜ್ಜ ಇದು? ಆಟೋದಲ್ಲಿ ಎಲ್ಲಿ ಕೂತರೇನು?"

"ಏರ್ನಲ್ಲಿ ಬಾರ ಹಿಂದಾದ್ರೆ ಕುದ್ರೆ ಮೇಲಕ್ಕೆ ಎದ್ಬುಡ್ತದೆ ಸಾ."

"ಕುದುರೆ ಎಲ್ಲಿದೆಯಪ್ಪ ಇಲ್ಲಿ?"

"ಇಂಜಿನ್ ಒಳಗೆ ಐದಾರು ಕುದ್ರೆ ಸಕ್ತಿ ಅದೆ ಅಂತ ಮಾರಿದೋನೇ ಯೋಳವ್ನೆ ಸಾ. ಒಂದು ಕುದ್ರೆ ಎದ್ರೇ ಇಡಿಯಕ್ಕಾಯ್ತಿರಲಿಲ್ಲ, ಇನ್ನು ಅಷ್ಟೂ ಎದ್ರೆ ಏನ್ ಗತಿ?"

ಮನೆ ತಲುಪುವವರೆಗೂ ಭಾವ ಅಜ್ಜ ಹೇಳಿದ ಹಾಗೇ ಕೂತರು.

ಖಾಲಿ ಕೈ

ಕೊಣನೂರಿನ ಹತ್ತಿರದ ಶಾಲೆಯಲ್ಲಿದ್ದಾಗಿನ ಮಾತು. ಅರಕಲಗೂಡಿನಲ್ಲಿ ಸಿನಿಮಾ ಬೋರ್ಡು ಬರೆಯುತ್ತಿದ್ದ ಒಬ್ಬ ಪೇಂಟರು ಇದ್ದ. ಫ್ಲೆಕ್ಸು ಬಂದು ಅವನ ಕೆಲಸ ಹೋಯಿತು. ಪಾಪ, ಏನಾದರೂ ಮಾಡೋಣ ಅಂತ, ಶಾಲೆಗೆ ಜಾಗ ಕೊಟ್ಟಿದ್ದ ದಿವಂಗತ ಯಜಮಾನರ ಚಿತ್ರವನ್ನು ಗೋಡೆಯ ಮೇಲೆ ಬರೆಯಲು ಹೇಳಿದೆ. ನೋಡಿ ಬರೆಯಲು ಒಂದು ಸಣ್ಣ ಫೋಟೋ ಕೊಟ್ಟು, ನಾನು ತರಬೇತಿಗೆ ಹಾಸನಕ್ಕೆ ಹೋದೆ.

ವಾಪಸ್ಸು ಬಂದಾಗ ಶಾಲೆಯ ಮುಂದೆ ಊರೇ ನೆರೆದಿತ್ತು. ಗೋಡೆಯ ಮೇಲೆ ಯಜಮಾನರು ಹತ್ತಡಿ ಎತ್ತರ ನಿಂತಿದ್ದರು. ಮುಖ ಫೋಟೋದಲ್ಲಿದ್ದ ಹಾಗೇ ಬಂದಿತ್ತು. ಬಲಗೈಯಲ್ಲಿ ಮಾತ್ರ ಮಚ್ಚು.

ಯಜಮಾನರ ಮಗ ಕೇಳಿದರು: "ನಮ್ಮಪ್ಪ ಜೀವಮಾನದಲ್ಲಿ ಒಬ್ಬರಿಗೂ ಒಡೆದೋರಲ್ಲ. ಮಚ್ಚು ಯಾಕಪ್ಪಾ?"

ಪೇಂಟರು ತಲೆ ಕೆರೆದುಕೊಂಡ. "ಫೋಟೋದಾಗೆ ಕೈ ಕಾಣ್ತಿರಲಿಲ್ಲ ಗೌಡ್ರೇ. ಇಪ್ಪತ್ತು ವರ್ಷದಿಂದ ಖಾಲಿ ಕೈ ಬರೆದು ಅಭ್ಯಾಸನೂ ಇಲ್ಲ."

"ಅಳಿಸು ಮತ್ತೆ!"

"ಅಳಿಸಿದ್ರೆ ಕೈನೂ ಓಯ್ತದೆ. ಒಂದ್ ಗಳಿಗೆ ತಡೀರಿ" ಎಂದು ಅವನು ಮತ್ತೆ ಏಣಿ ಹತ್ತಿದ. ಅರ್ಧ ಗಂಟೆಯಲ್ಲಿ ಎಡಗೈಯಲ್ಲಿ ಒಂದು ಎಳನೀರು ಬಂತು.

ಮಗನಿಗೆ ಬಹಳ ಸಂತೋಷವಾಯಿತು. "ಈಗ ನೋಡಿ ಮೇಷ್ಟ್ರೇ, ನಮ್ಮಪ್ಪನೇ! ಮನೆಗೆ ಬಂದೋರನ್ನ ಇಂಗೇ ಕರೀತಿದ್ರು."

ಗಾಜಿನ ಡಬ್ಬ

ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಎಸ್‌ಟಿಡಿ ಬೂತ್ ಇತ್ತು. ಎಲ್ಲರ ಜೇಬಿಗೂ ಮೊಬೈಲ್ ಬಂದ ಮೇಲೆ ಬೂತಿನವನು ಫೋನು ಕಿತ್ತುಹಾಕಿ, ಜನ ನಿಂತು ಮಾತಾಡುತ್ತಿದ್ದ ಗಾಜಿನ ಡಬ್ಬದೊಳಗೆ ಬಾಳೆಗೊನೆ ನೇತುಹಾಕಿ ವ್ಯಾಪಾರಕ್ಕೆ ಕೂತ. ನಾನು ಹಣ್ಣು ಕೊಳ್ಳುತ್ತಾ ನಿಂತಿದ್ದಾಗ ಹಳ್ಳಿಯ ಯಜಮಾನರೊಬ್ಬರು ಹೊಸ ಮೊಬೈಲು ಹಿಡಿದು ಬಂದರು.

"ಆ ಗೊನೆ ಎಲ್ಡು ನಿಮಿಷ ಈಚೆಗೆ ಇಡಪ್ಪ. ಮಗಳ ತಾವ ಮಾತಾಡ್ಬೇಕು."

"ಅಜ್ಜ, ಅದು ಮೊಬೈಲು. ಇಲ್ಲೇ ನಿಂತ್ಕಂಡು ಮಾತಾಡಿ."

"ನಮ್ಮನೆ ಇಸ್ಯ ಬೀದೀಲಿ ನಿಂತ್ಕಂಡು ಮಾತಾಡಕಾಯ್ತದೇನಪ್ಪಾ?"

ಬೇರೆ ದಾರಿ ಕಾಣದೆ ಅವನು ಗೊನೆಗಳನ್ನು ಈಚೆಗೆ ತಂದಿಟ್ಟ. ಅಜ್ಜ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮಾತಾಡಿದರು. ಅಳಿಯ ಕುಡಿಯುವುದು, ಬೀಗರು ಜಗಳಕ್ಕೆ ಬಂದದ್ದು, ಎಲ್ಲವೂ ಅತ್ತ ನಿಂತಿದ್ದ ಬಸ್ಸಿನವರಿಗೂ ಕೇಳಿಸಿತು. ಈಚೆಗೆ ಬಂದು ಸಮಾಧಾನದಿಂದ ಬೆವರು ಒರೆಸಿಕೊಂಡರು.

"ಏನೇ ಯೋಳಪ್ಪ, ಗುಟ್ಟು ಮಾತಾಡಕ್ಕೆ ನಿನ್ ಡಬ್ಬನೇ ಸರಿ."

ಮಹಡಿ ಬಸ್ಸು

ಇನ್ನು ನನ್ನದೇ ಕಥೆ. ಟೀಚರ್ ಟ್ರೈನಿಂಗ್ ಓದುವಾಗ ಬೆಂಗಳೂರಿನಲ್ಲಿ ಡಬಲ್ ಡೆಕ್ಕರ್ ಬಸ್ಸಿನಲ್ಲಿ ಓಡಾಡಿದ್ದೆ. ಹಳೇಕೋಟೆ ಕಡೆಯ ಶಾಲೆಯಲ್ಲಿ ಪ್ರತಿ ವರ್ಷವೂ ಸಾರಿಗೆಯ ಪಾಠ ಬಂದಾಗ ಅದರದೇ ವರ್ಣನೆ. ಮೆಟ್ಟಿಲು ಹತ್ತಿ ಮಹಡಿಗೆ ಹೋಗುವುದು, ಮೇಲೆ ಕೂತು ಊರು ನೋಡುವುದು. ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದವು. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ವರ್ಷ, "ಬನ್ನಿ, ತೋರಿಸಿಯೇ ಬಿಡ್ತೀನಿ" ಎಂದು ಇಪ್ಪತ್ತು ಮಕ್ಕಳನ್ನು ಪ್ರವಾಸಕ್ಕೆ ಹೊರಡಿಸಿದೆ.

ಬೆಂಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಎರಡು ಗಂಟೆ ಕಾದರೂ ಮಹಡಿ ಇರುವ ಬಸ್ಸು ಒಂದೂ ಬರಲಿಲ್ಲ. ಅಲ್ಲಿದ್ದ ಟೈಮ್‌ಕೀಪರನ್ನು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅವೆಲ್ಲ ಗುಜರಿಗೆ ಹೋದವು ಸ್ವಾಮಿ. ಯಾವ ಊರು ನಿಮ್ಮದು?"

ಇಪ್ಪತ್ತು ಮುಖಗಳೂ ನನ್ನ ಕಡೆಗೇ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: "ಸುಳ್ಳು ಯೋಳಬಾರ್ದು ಅಂತ ನೀವೇ ಯೋಳ್ಕೊಟ್ಟಿದ್ರಲ್ಲಾ ಸಾ?"

ವಿಧಾನಸೌಧ ತೋರಿಸಿದೆ, ಕಬ್ಬನ್ ಪಾರ್ಕು ತೋರಿಸಿದೆ. ಯಾರೂ ಕಣ್ಣೆತ್ತಲಿಲ್ಲ. ನನಗೋ ಊಟ ಸೇರಲಿಲ್ಲ. ಇಷ್ಟು ವರ್ಷ ಹೇಳಿದ ಪಾಠವೆಲ್ಲ ಇವರಿಗೆ ಇನ್ನು ಸುಳ್ಳೇ ಅನಿಸುತ್ತೆ ಎಂಬ ಸಂಕಟ.

ಮಾರನೇ ದಿನ ಮಧ್ಯಾಹ್ನ ಹೊಳೆನರಸೀಪುರದಲ್ಲಿ ಇಳಿದೆವು. ಅಂದು ಸಂತೆ. ನಮ್ಮೂರಿನ ಖಾಸಗಿ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರು ಕೂಗಿದ: "ಮೇಷ್ಟ್ರೇ, ಐಕ್ಳನ್ನ ಮ್ಯಾಲಕ್ಕೆ ಹತ್ತಿಸ್ಕಳಿ!"

ಹಿಂದಿನ ಏಣಿ ಹತ್ತಿ ಎಲ್ಲರೂ ಟಾಪಿನ ಮೇಲೆ ಕೂತೆವು. ಬಸ್ಸು ಹೊರಟಿತು. ಅದೇ ಹುಡುಗಿ ಅತ್ತ ನೋಡಿದಳು, ಇತ್ತ ನೋಡಿದಳು, ಕೆಳಗೆ ಬಗ್ಗಿ ಒಳಗಿದ್ದ ಜನರನ್ನು ನೋಡಿದಳು. ಆಮೇಲೆ ಕಿರುಚಿದಳು: "ಕೆಳಗೂ ಜನ, ಮ್ಯಾಲೂ ಜನ! ಡಬಲ್ ಡೆಕ್ಕರ್ ಕಣ್ರಲಾ!"

ಇಪ್ಪತ್ತು ಮಕ್ಕಳೂ ಕುಣಿದವು. ನನಗೆ ಹೋದ ಜೀವ ಬಂದಂತಾಯಿತು.

ಮೂರು ದಿನಕ್ಕೆ ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದರು. "ಪ್ರವಾಸದಲ್ಲಿ ಏನೇನು ನೋಡಿದಿರಿ?"

ಹುಡುಗಿ ಎದ್ದು ನಿಂತಳು. "ಡಬಲ್ ಡೆಕ್ಕರ್ ಬಸ್ಸು ಸಾ! ಮ್ಯಾಲೆ ಕುಂತ್ಕಂಡು ಬಂದೋ."

"ಭೇಷ್! ಮೇಲೆ ಕೂತವರು ಏನು ಜಾಗ್ರತೆ ವಹಿಸಬೇಕು?"

"ಮರದ ಕೊಂಬೆ ಬಂದಾಗ ಬಗ್ಗಬೇಕು ಸಾ. ನಾವೆಲ್ಲಾ ಬಗ್ಗಿದೋ. ಮೇಷ್ಟ್ರು ಒಬ್ರೇ ನಮ್ ಕಡೆ ತಿರುಗಿ ಎದ್ದು ನಿಂತ್ಕಂಡು, 'ಬಗ್ರೋ, ಬಗ್ರೋ' ಅಂತ ಕೂಗ್ತಾ ಇದ್ರು."

ಸಾಹೇಬರು ನಿಧಾನವಾಗಿ ನನ್ನ ತಲೆಯ ಬ್ಯಾಂಡೇಜಿನ ಕಡೆ ತಿರುಗಿದರು. ಬಚ್ಚಲಲ್ಲಿ ಜಾರಿಬಿದ್ದೆ ಅಂತ ನಾನು ಅವರಿಗೆ ಹೇಳಿ ಇನ್ನೂ ಹತ್ತು ನಿಮಿಷ ಆಗಿರಲಿಲ್ಲ.